ನೂರು ಹೆಜ್ಜೆ ದೂರದ ಮನೆ

ನಿಮ್ಮ ಮನೆ ಬಾಗಿಲಿಂದ ನೂರು ಹೆಜ್ಜೆ ನಡೆದರೆ ಏನು ಸಿಗುತ್ತೆ? ಶಿಡ್ಲಘಟ್ಟದ ನಮ್ಮ ಮನೆಯಿಂದ ಹೊರಟರೆ ರೇಷ್ಮೆ ನೂಲು ತೆಗೆಯೋ ಜಾಗ ಸಿಗುತ್ತೆ, ಬೆಳಗ್ಗೆನೇ ಗೂಡು ಬೇಯಿಸೋ ವಾಸನೆ ಬರುತ್ತೆ. ಚಿಂತಾಮಣಿಯ ನನ್ನ ರೂಮ್‌ಮೇಟ್‌ಗೆ ಟೀ ಅಂಗಡಿ, ಗೌರಿಬಿದನೂರಿನ ಫ್ರೆಂಡ್‌ಗೆ ರೈಲ್ವೆ ಹಳಿ. ಇಟಲಿಯ ಸಿಸಿಲಿ ದ್ವೀಪದಲ್ಲಿ ಚೀನಿಸಿ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಒಬ್ಬ ಹುಡುಗ ತನ್ನ ಮನೆಯಿಂದ ನೂರು ಹೆಜ್ಜೆ ನಡೆದರೆ ಮಾಫಿಯಾ ಬಾಸ್‌ನ ಮನೆ ಸಿಗ್ತಿತ್ತು.

ಆ ಹುಡುಗನ ಹೆಸರು ಜುಸೆಪ್ಪೆ ಇಂಪಾಸ್ತಾತೊ. ಎಲ್ಲರೂ ಕರೀತಿದ್ದದ್ದು ಪೆಪ್ಪಿನೊ ಅಂತ. ಇಟಲಿಯಲ್ಲಿ ಇವತ್ತಿಗೂ ತುಂಬಾ ಪರಿಚಿತ ಹೆಸರು. 2000ದಲ್ಲಿ ಅವನ ಬಗ್ಗೆ ಬಂದ ಸಿನಿಮಾದ ಹೆಸರೇ ನೂರು ಹೆಜ್ಜೆಗಳು.

ಪೆಪ್ಪಿನೊ ಹುಟ್ಟಿದ್ದು 1948ರ ಜನವರಿ 5ರಂದು. ಅಪ್ಪ ಲುಯಿಜಿ ಮಾಫಿಯಾ ಜೊತೆ ನಂಟಿದ್ದವನು, ಮುಸೊಲಿನಿ ಕಾಲದಲ್ಲಿ ಗಡೀಪಾರಾಗಿ ಬಂದವನು. ಅತ್ತೆಯ ಗಂಡ ಚೆಸಾರೆ ಮಾನ್‌ಜೆಲ್ಲ ಅಂತೂ ಊರಿನ ಮಾಫಿಯಾ ಮುಖ್ಯಸ್ಥ. ಅಂದರೆ ಈ ಹುಡುಗನಿಗೆ ಕ್ರೈಮ್ ಅನ್ನೋದು ಪೇಪರ್‌ನಲ್ಲಿ ಓದೋ ಸುದ್ದಿ ಆಗಿರಲಿಲ್ಲ. ಅದು ಹಬ್ಬಕ್ಕೆ ಮನೆಗೆ ಬರೋ ನೆಂಟಸ್ತನ. ಮಾವ ಅಂದರೆ ಮಾವ ಅಷ್ಟೆ.

1963ರ ಏಪ್ರಿಲ್‌ನಲ್ಲಿ ಆ ಮಾವನನ್ನ ಎದುರಾಳಿಗಳು ಕಾರಲ್ಲಿ ಬಾಂಬ್ ಇಟ್ಟು ಕೊಂದರು. ಪೆಪ್ಪಿನೊಗೆ ಆಗ 15 ವರ್ಷ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಆ ವಯಸ್ಸಿನ ಹುಡುಗರು ಸೇಡಿನ ಕಡೆ ತಿರುಗ್ತಾರೆ. ಇವನು ಪ್ರಶ್ನೆ ಕಡೆ ತಿರುಗಿದ. ನಾವು ಬದುಕ್ತಿರೋ ರೀತಿ ಇದೇನಾ? ಇದಕ್ಕೆ ಯಾಕೆ ಎಲ್ಲರೂ ಮರ್ಯಾದೆ ಕೊಡ್ತಾರೆ?

ಓದಿನಲ್ಲಿ, ಬರವಣಿಗೆಯಲ್ಲಿ ಚುರುಕಾಗಿದ್ದ. 1965ರಲ್ಲಿ, ನಮಗಿಂತ ಚಿಕ್ಕವನಾಗಿದ್ದಾಗ, ಗೆಳೆಯರ ಜೊತೆ ಸೇರಿ ಒಂದು ಪತ್ರಿಕೆ ಶುರು ಮಾಡಿದ. ಅದರಲ್ಲಿ ಮಾಫಿಯಾವನ್ನ ಮಲದ ಗುಡ್ಡಕ್ಕೆ ಹೋಲಿಸಿ ಬರೆದ. ಬರೆದಿದ್ದು ಯಾರೋ ಗೊತ್ತಿಲ್ಲದವರ ಬಗ್ಗೆ ಅಲ್ಲ, ಅಪ್ಪನ ಜೊತೆ ಕೂತು ಊಟ ಮಾಡೋರ ಬಗ್ಗೆ. ಅಪ್ಪ ಮನೆಯಿಂದ ಹೊರಗೆ ಹಾಕಿದ. ಅಮ್ಮ ಫೆಲೀಚಿಯಾ ಮಾತ್ರ ಗಂಡ ಇಲ್ಲದ ಹೊತ್ತು ನೋಡಿ ಮಗನನ್ನ ಒಳಗೆ ಕರೆದು ಊಟ ಹಾಕ್ತಿದ್ದಳು.

ಅವನ ಹೋರಾಟ ಬರೀ ಪತ್ರಿಕೆಯಲ್ಲಿ ನಿಲ್ಲಲಿಲ್ಲ. ಚೀನಿಸಿ ಪಕ್ಕದಲ್ಲೇ ಪಾಲೆರ್ಮೊ ನಗರದ ಏರ್‌ಪೋರ್ಟ್ ಇದೆ. ಅದರ ಮೂರನೇ ರನ್‌ವೇಗೆ ರೈತರ ಜಮೀನು ಹೋದಾಗ ಪೆಪ್ಪಿನೊ ರೈತರ ಪರ ನಿಂತ. ದೇವನಹಳ್ಳಿ ಏರ್‌ಪೋರ್ಟ್ ಪಕ್ಕದಲ್ಲಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದೇ ಏರ್‌ಪೋರ್ಟ್ ಮೂಲಕ ಅಮೆರಿಕಕ್ಕೆ ಹೆರಾಯಿನ್ ಸಾಗಿಸ್ತಿದ್ದವನು ಹೊಸ ಬಾಸ್ ಗಯೆತಾನೊ ಬದಲಾಮೆಂಟಿ. ನೂರು ಹೆಜ್ಜೆ ದೂರದ ಮನೆ ಅವನದ್ದೇ.

1976ರಲ್ಲಿ ಇಟಲಿಯ ಕೋರ್ಟ್ ಲೋಕಲ್ ಖಾಸಗಿ ರೇಡಿಯೋಗೆ ದಾರಿ ಮಾಡಿಕೊಟ್ಟಿತು. ಮುಂದಿನ ವರ್ಷವೇ ಪೆಪ್ಪಿನೊ ಮತ್ತು ಗೆಳೆಯರು ತಾವೇ ದುಡ್ಡು ಹಾಕಿ, ಪಕ್ಕದ ಊರಲ್ಲಿ ರೇಡಿಯೋ ಆವುತ್ ಅನ್ನೋ ಸ್ಟೇಷನ್ ಶುರು ಮಾಡಿದರು. ಅದರಲ್ಲಿ ಒಂದು ಕಾಮಿಡಿ ಪ್ರೋಗ್ರಾಂ ಬರ್ತಿತ್ತು. ಊರಿಗೆ ಮಾಫಿಯೊಪೊಲಿ ಅಂತ ಹೆಸರಿಟ್ಟು, ಬದಲಾಮೆಂಟಿಗೆ ಅಡ್ಡಹೆಸರು ಇಟ್ಟು, ಕೌನ್ಸಿಲ್‌ನವರು ಅವನ ಮುಂದೆ ಹೇಗೆ ಕೈಕಟ್ಟಿ ನಿಲ್ತಾರೆ ಅಂತ ನಾಟಕ ಮಾಡಿ ತೋರಿಸ್ತಿದ್ದರು.

ನನಗೆ ತುಂಬಾ ಇಷ್ಟವಾಗಿದ್ದು ಇದೇ. ಇಂಥವರ ಬಂಡವಾಳ ಏನು? ಭಯ. ಒಂದು ಸಲ ಊರು ನಗೋಕೆ ಶುರು ಮಾಡಿದರೆ ಆ ಬಂಡವಾಳ ಕರಗುತ್ತೆ. ಪೆಪ್ಪಿನೊಗೆ ಅದು ಗೊತ್ತಿತ್ತು. ಬದಲಾಮೆಂಟಿಗೂ ಗೊತ್ತಿತ್ತು.

1977ರ ಸೆಪ್ಟೆಂಬರ್‌ನಲ್ಲಿ ಅಪ್ಪ ಕಾರು ಗುದ್ದಿ ಸತ್ತ. ಮಗನನ್ನ ಮನೆಯಿಂದ ಓಡಿಸಿದ್ದ ಅದೇ ಅಪ್ಪ, ಅಲ್ಲಿವರೆಗೂ ಮಗನಿಗೆ ಅಡ್ಡಲಾಗಿ ನಿಂತಿದ್ದ ಗೋಡೆಯೂ ಆಗಿದ್ದ. ಈಗ ಆ ಗೋಡೆ ಇರಲಿಲ್ಲ.

ಆದರೂ ಪೆಪ್ಪಿನೊ ಮುಂದಿನ ವರ್ಷ ಊರಿನ ಕೌನ್ಸಿಲ್ ಚುನಾವಣೆಗೆ ನಿಂತ. ವೋಟಿಂಗ್‌ಗೆ ಕೆಲವೇ ದಿನ ಇದ್ದಾಗ, 1978ರ ಮೇ 8ರ ರಾತ್ರಿ ಅವನನ್ನ ಹಿಡಿದು ಕೊಂದು, ದೇಹವನ್ನ ರೈಲು ಹಳಿ ಮೇಲೆ ಇಟ್ಟು ಸ್ಫೋಟಿಸಿದರು. ವಯಸ್ಸು 30. ಮರುದಿನವೇ ರೋಮ್‌ನಲ್ಲಿ ಮಾಜಿ ಪ್ರಧಾನಿ ಆಲ್ಡೊ ಮೋರೊ ಶವ ಸಿಕ್ಕಿತು. ಇಡೀ ದೇಶ ಆ ಕಡೆ ನೋಡ್ತಿತ್ತು. ಪೊಲೀಸರು ಇವನನ್ನ ಹಳಿಗೆ ಬಾಂಬ್ ಇಡೋಕೆ ಹೋಗಿ ಸತ್ತ ಭಯೋತ್ಪಾದಕ ಅಂದರು. ಸುತ್ತಮುತ್ತ ಕಲ್ಲು ಕ್ವಾರಿಗಳಿದ್ದವು, ಅವನ್ನ ಹುಡುಕಲಿಲ್ಲ. ಹುಡುಕಿದ್ದು ಅವನ ಗೆಳೆಯರ ಮನೆಗಳನ್ನ. 2021ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು 6 ಜನ ಸತ್ತಿದ್ದು ನೆನಪಿದ್ದರೆ, ಸ್ಫೋಟಕ ಎಲ್ಲಿಂದ ಬರುತ್ತೆ ಅಂತ ಮೊದಲು ಎಲ್ಲಿ ಕೇಳಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ.

ಗೆಳೆಯರು ತಾವೇ ಅಲ್ಲಿ ಹುಡುಕಿದರು. ಹಳಿ ಪಕ್ಕದ ಪಾಳುಮನೆಯಲ್ಲಿ ರಕ್ತದ ಕಲೆ ಇದ್ದ ಕಲ್ಲು ಸಿಕ್ಕಿತು. ಊರಿನ ಜನ ಸತ್ತವನಿಗೇ ವೋಟು ಹಾಕಿ ಗೆಲ್ಲಿಸಿದರು.

ಇಲ್ಲಿಂದ ಮುಂದೆ ಇದು ಅಮ್ಮನ ಕಥೆ. ಫೆಲೀಚಿಯಾ ಗಂಡನ ಕಡೆಯ ನೆಂಟರನ್ನೆಲ್ಲ ಬಿಟ್ಟಳು. ಸೇಡಿಗೆ ಸೇಡು ಬೇಡ ಅಂತ ನಿರ್ಧರಿಸಿ, ಕಿರಿಮಗ ಜೊವಾನ್ನಿ ಜೊತೆ ಕೋರ್ಟಿಗೆ ಹೋದಳು. ಮಾಫಿಯಾ ಮನೆಯ ಹೆಂಗಸು ಹೀಗೆ ಬಾಯಿ ಬಿಡೋದು ಆಗ ಕಂಡು ಕೇಳದ ವಿಷಯ. 24 ವರ್ಷ ಕಾದಳು. 2002ರ ಏಪ್ರಿಲ್‌ನಲ್ಲಿ ಬದಲಾಮೆಂಟಿಗೆ ಜೀವಾವಧಿ ಶಿಕ್ಷೆ ಆಯಿತು. ಡ್ರಗ್ಸ್ ಕೇಸಲ್ಲಿ ಅವನು ಆಗಲೇ ಅಮೆರಿಕದ ಜೈಲಲ್ಲಿದ್ದ. 2004ರಲ್ಲಿ ಅವನು ಅಲ್ಲೇ ಸತ್ತ, ಅದೇ ವರ್ಷದ ಡಿಸೆಂಬರ್‌ನಲ್ಲಿ ಫೆಲೀಚಿಯಾ ತೀರಿಕೊಂಡಳು. ಅವಳ ಮನೆ ಈಗ ಸ್ಮಾರಕ. ಬದಲಾಮೆಂಟಿ ಮನೆಯನ್ನ ಸರ್ಕಾರ ಮುಟ್ಟುಗೋಲು ಹಾಕಿಕೊಂಡು ಸಾರ್ವಜನಿಕ ಕೆಲಸಕ್ಕೆ ಕೊಟ್ಟಿದೆ. ಇವತ್ತು ಯಾರು ಬೇಕಾದರೂ ಆ ನೂರು ಹೆಜ್ಜೆ ನಡೆಯಬಹುದು.

ಪ್ರಶ್ನೆ ಮಾಡೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಜೀವನ ಪೂರ್ತಿ ಅದನ್ನೇ ಮಾಡಿದರು. ಆದರೆ ನನ್ನನ್ನೇ ನೋಡಿಕೊಂಡರೆ, ದೂರದವರನ್ನ ಪ್ರಶ್ನಿಸೋದು ನನಗೆ ಸುಲಭ. ರಾಜಕಾರಣಿ, ಸಿಸ್ಟಮ್, ಸಮಾಜ ಅಂತ ಒಂದು ಸ್ಟೇಟಸ್ ಹಾಕಿ ಮಲಗಿಬಿಡ್ತೀನಿ. ನಮ್ಮ ಬೀದಿಯಲ್ಲೇ ತಪ್ಪು ಕಂಡರೆ ಊರ ಉಸಾಬರಿ ನಮಗ್ಯಾಕೆ ಅಂತೀನಿ. ನಮ್ಮ ಮನೆಯಲ್ಲೇ ಕಂಡರೆ ಅಷ್ಟೂ ಅನ್ನಲ್ಲ.

ಪೆಪ್ಪಿನೊ ಊರು ಬಿಟ್ಟು ಹೋಗಿ ಬರೆಯಬಹುದಿತ್ತು. ಹೋಗಲಿಲ್ಲ. ತನ್ನನ್ನ ಎತ್ತಿ ಆಡಿಸಿದವರ ಮಧ್ಯೆ ನಿಂತೇ ಕೇಳಿದ. ಮುಂದಿನ ಸಲ ಊರಿಗೆ ಹೋದಾಗ ನಾನು ಬಾಗಿಲಿಂದ ನೂರು ಹೆಜ್ಜೆ ಎಣಿಸಿ ನಡೆಯಬೇಕು ಅಂದುಕೊಂಡಿದ್ದೀನಿ. ಈ ಸಲ ತಲೆ ಎತ್ತಿಕೊಂಡು.