ಉಗಿ ಎಂಜಿನ್ನಿಗೆ ಉಸಿರಾಟ ಕಲಿಸಿದ ಫೋರ್‌ಮನ್

ನಮ್ಮ ಭಾಗದಲ್ಲಿ ಮೀಟರ್ ಗೇಜ್ ಹಳಿಗಳಿದ್ದ ಕಾಲದಲ್ಲಿ ಈ ಶಾಲೆಯಲ್ಲಿ ಓದಿದವರಿಗೆ ನಾನು ಹೇಳುವ ಚಿತ್ರ ಕಣ್ಣಮುಂದೆ ಬಂದೀತು. ಪ್ಯಾಸೆಂಜರ್ ರೈಲು ಸ್ಟೇಷನ್ ಬಿಡುವಾಗ ಕರಿ ಎಂಜಿನ್ನಿನ ದೊಡ್ಡ ಗಾಲಿಗಳ ಹೊರಮೈಯಲ್ಲಿ ಉಕ್ಕಿನ ಸರಳುಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ, ಇನ್ನೊಂದು ತೊಟ್ಟಿಲಿನಂತೆ ತೂಗಾಡುತ್ತಾ ಚಲಿಸುತ್ತಿದ್ದವು. ನಾವು ಹುಡುಗರು ಅವನ್ನು ಎಂಜಿನ್ನಿನ ಕೈಕಾಲು ಎನ್ನುತ್ತಿದ್ದೆವು. ಆಟದ ಬಯಲಿನಲ್ಲಿ ರೈಲಾಟ ಆಡುವಾಗ ಮೊಣಕೈ ಮಡಚಿ ಅದನ್ನೇ ಅನುಕರಿಸುತ್ತಿದ್ದೆವು.

ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಮಾಡಿ, ನಾನು ರೈಲ್ವೆಯ ಒಂದು ಲೋಕೋ ಶೆಡ್ಡಿನಲ್ಲಿ ಖಲಾಸಿಯಾಗಿ ಸೇರಿದೆ. ಅಲ್ಲಿನ ಹಿರಿಯ ಫಿಟ್ಟರುಗಳು ಆ ಸರಳುಗಳ ಗೊಂಚಲಿಗೆ ‘ವಾಲ್ಶಾಟ್’ ಎನ್ನುತ್ತಿದ್ದರು. ವಾಲ್ಶಾಟ್ ಬಿಚ್ಚು, ವಾಲ್ಶಾಟಿಗೆ ಎಣ್ಣೆ ಬಿಡು, ಹೀಗೆ. ಸ್ಪ್ಯಾನರ್, ಬೇರಿಂಗ್ ಇದ್ದಂತೆ ಅದೂ ಒಂದು ಸಾಮಾನಿನ ಹೆಸರು ಎಂದೇ ತಿಳಿದಿದ್ದೆ. ಅದು ಒಬ್ಬ ಮನುಷ್ಯನ ಹೆಸರು, ಅದೂ ನಮ್ಮಂತೆಯೇ ಕೈಗೆ ಮಸಿ ಎಣ್ಣೆ ಮೆತ್ತಿಕೊಂಡ ಮನುಷ್ಯನ ಹೆಸರು ಎಂದು ಗೊತ್ತಾಗುವಷ್ಟರಲ್ಲಿ ಶೆಡ್ಡಿಗೆ ಡೀಸೆಲ್ ಎಂಜಿನ್ನುಗಳು ಬಂದಾಗಿತ್ತು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮೊದಲು ನೆನಪಾದದ್ದು ಅವರೇ: ಬೆಲ್ಜಿಯಂ ದೇಶದ ಎಜೀದ್ ವಾಲ್‌ಶಾರ್ಟ್ಸ್.

ಅವರು ಹುಟ್ಟಿದ್ದು 1820ರ ಜನವರಿಯಲ್ಲಿ, ಬ್ರಸೆಲ್ಸ್ ನಗರಕ್ಕೆ ಹತ್ತಿರದ ಮೆಖೆಲೆನ್ ಎಂಬ ಊರಿನ ಬಳಿ. ಆಗ ಬೆಲ್ಜಿಯಂ ಎಂಬ ಪ್ರತ್ಯೇಕ ದೇಶವೇ ಇರಲಿಲ್ಲ. ಅದು ನೆದರ್ಲೆಂಡ್ಸಿನಿಂದ ಬೇರೆಯಾದದ್ದು 1830ರಲ್ಲಿ. ಹೊಸ ದೇಶ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ರೈಲು ಒಂದು. 1835ರ ಮೇ 5ರಂದು ಬ್ರಸೆಲ್ಸಿನಿಂದ ಮೆಖೆಲೆನ್‌ಗೆ ರೈಲು ಓಡಿತು. ಯೂರೋಪಿನ ನೆಲದಲ್ಲಿ, ಅಂದರೆ ಇಂಗ್ಲೆಂಡಿನ ದ್ವೀಪವನ್ನು ಬಿಟ್ಟರೆ, ಉಗಿ ಎಂಜಿನ್ ಎಳೆದ ಮೊದಲ ಸಾರ್ವಜನಿಕ ಪ್ರಯಾಣಿಕರ ರೈಲುಮಾರ್ಗ ಅದು. ಎಂಜಿನ್ನುಗಳನ್ನು ಇಂಗ್ಲೆಂಡಿನಿಂದ ತರಿಸಿದ್ದರು. ಎಜೀದ್‌ಗೆ ಆಗ 15 ವರ್ಷ. ಊರಿಗೆ ಮೊದಲ ಸಲ ಎಂಜಿನ್ ಬಂದ ದಿನ ಆ ವಯಸ್ಸಿನ ಹುಡುಗನ ಮನಸ್ಸಿನಲ್ಲಿ ಏನಾಗಿರಬೇಕೆಂದು ನಮ್ಮೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ವರ್ಷಗಳ ನಂತರ, 1838ರಲ್ಲಿ, ಮೆಖೆಲೆನ್‌ನಲ್ಲಿ ಒಂದು ವಸ್ತುಪ್ರದರ್ಶನ ನಡೆಯಿತು. ಆ ಹುಡುಗ ತನ್ನ ಕೈಯಾರೆ ಮಾಡಿದ ಯಂತ್ರಗಳ ಮಾದರಿಗಳನ್ನು ಅಲ್ಲಿಟ್ಟಿದ್ದ. ಅವುಗಳ ಅಚ್ಚುಕಟ್ಟು ಮಂತ್ರಿಗಳವರೆಗೂ ಸುದ್ದಿಯಾಗಿ, ಆತನನ್ನು ಲಿಯೇಜ್ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸುವ ಏರ್ಪಾಡಾಯಿತು. ಆದರೆ ಓದು ಪೂರ್ತಿಯಾಗಲಿಲ್ಲ. ಕಾಯಿಲೆ ಬಿದ್ದು ನಡುವೆಯೇ ಬಿಡಬೇಕಾಯಿತು. ಕೈಯಲ್ಲಿ ಡಿಗ್ರಿ ಇಲ್ಲದ ಈ ಒಂದು ಕೊರತೆ ಮುಂದೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1842ರಲ್ಲಿ ಅವರು ಮೆಖೆಲೆನ್‌ನ ಸರ್ಕಾರಿ ರೈಲ್ವೆ ಕಾರ್ಖಾನೆಗೆ ಮೆಕ್ಯಾನಿಕ್ ಆಗಿ ಸೇರಿದರು. ಎರಡೇ ವರ್ಷದಲ್ಲಿ, 24ರ ವಯಸ್ಸಿಗೆ, ಬ್ರಸೆಲ್ಸ್ ಕಾರ್ಖಾನೆಯ ಫೋರ್‌ಮನ್ ಆದರು.

ನಮ್ಮ ಲೋಕೋ ಶೆಡ್ಡುಗಳಲ್ಲಿ ಫೋರ್‌ಮನ್ ಎಂದರೆ ಎಲ್ಲರೂ ಎದ್ದು ನಿಲ್ಲುವಂಥ ದೊರೆ. ಅಲ್ಲಿ ಹಾಗಲ್ಲ. ಅವರ ಮೇಲೆ ಇಂಜಿನಿಯರುಗಳ ಒಂದು ಪ್ರತ್ಯೇಕ ಜಗತ್ತೇ ಇತ್ತು. ಫೋರ್‌ಮನ್ ಎಷ್ಟೇ ಬಲ್ಲವನಾದರೂ ಆ ಜಗತ್ತಿಗೆ ಏಣಿ ಇರಲಿಲ್ಲ.

ಅವರು ಮಾಡಿದ್ದೇನೆಂದು ತಿಳಿಯಲು ಉಗಿ ಎಂಜಿನ್ ಹೇಗೆ ಉಸಿರಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಬಾಯ್ಲರಿನಲ್ಲಿ ಒತ್ತಡದಿಂದ ತುಂಬಿದ ಉಗಿ ಸಿಲಿಂಡರಿಗೆ ಬರುತ್ತದೆ. ಸಿಲಿಂಡರಿನ ಒಳಗೆ ಪಿಸ್ಟನ್. ಒಂದು ತುದಿಯಿಂದ ಉಗಿ ನುಗ್ಗಿದರೆ ಪಿಸ್ಟನ್ ಆಚೆಗೆ ಹೋಗುತ್ತದೆ, ಮತ್ತೊಂದು ತುದಿಯಿಂದ ನುಗ್ಗಿದರೆ ಈಚೆಗೆ ಬರುತ್ತದೆ. ಯಾವ ಹೊತ್ತಿಗೆ ಯಾವ ಬಾಗಿಲು ತೆರೆಯಬೇಕು, ಕೆಲಸ ಮುಗಿಸಿದ ಉಗಿಯನ್ನು ಯಾವಾಗ ಹೊರಗೆ ಬಿಡಬೇಕು ಎಂದು ನಡೆಸುವುದು ಸಿಲಿಂಡರಿನ ಮೇಲೆ ಅತ್ತಿತ್ತ ಜಾರುವ ವಾಲ್ವ್. ನಾವು ಕೇಳುತ್ತಿದ್ದ ಛುಕ್ ಛುಕ್ ಸದ್ದು ಹೀಗೆ ಹೊರಬಿದ್ದ ಉಗಿ ಚಿಮಣಿಯಲ್ಲಿ ಏರುವ ಸದ್ದೇ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಸಲ ಆ ಸದ್ದು ಬರುತ್ತದೆ.

ಮೊದಮೊದಲ ಎಂಜಿನ್ನುಗಳಲ್ಲಿ ವಾಲ್ವನ್ನು ಕೊಕ್ಕೆಗಳಿಂದ ಸಿಕ್ಕಿಸುತ್ತಿದ್ದರು. ಒಂದು ಕೊಕ್ಕೆ ಮುಂದೆ ಹೋಗಲು, ಒಂದು ಹಿಂದೆ ಬರಲು. ನಡುವೆ ಏನೂ ಇಲ್ಲ. ಪಿಸ್ಟನ್ ಚಲಿಸುವಷ್ಟು ದೂರವೂ ಹೆಚ್ಚುಕಡಿಮೆ ಪೂರ್ತಿ ಉಗಿ ನುಗ್ಗುತ್ತಲೇ ಇರುತ್ತಿತ್ತು. ಇದು ದಂಡ. ಉಯ್ಯಾಲೆಯಲ್ಲಿ ಕೂತ ಮಗುವನ್ನು ತಳ್ಳುವವರು ಶುರುವಿನಲ್ಲಿ ಜೋರಾಗಿ ಕೈಯಿಡುತ್ತಾರೆ. ಉಯ್ಯಾಲೆ ಹಿಡಿತಕ್ಕೆ ಬಂದ ಮೇಲೆ ಒಂದು ಸಣ್ಣ ತಳ್ಳು ಸಾಕು. ಉಗಿಯೂ ಹಾಗೆಯೇ. ಭಾರದ ರೈಲು ನಿಂತಲ್ಲಿಂದ ಹೊರಡುವಾಗ ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕು. ವೇಗ ಬಂದ ಮೇಲೆ ಸ್ವಲ್ಪ ಉಗಿ ಬಿಟ್ಟು ಬಾಗಿಲು ಮುಚ್ಚಿದರೆ, ಒಳಗೆ ಸಿಕ್ಕಿಕೊಂಡ ಉಗಿ ತಾನೇ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಕಲ್ಲಿದ್ದಲೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಹೆಗಲ ಮೇಲೆ ಸಲಿಕೆ ಹೊತ್ತ ಫೈರ್‌ಮನ್ನಿನ ಬೆನ್ನೂ ಉಳಿಯುತ್ತದೆ.

ಡ್ರೈವರ್ ಓಡುವ ಎಂಜಿನ್ನಿನಲ್ಲೇ ಇದನ್ನು ಹೆಚ್ಚು ಕಡಿಮೆ ಮಾಡಲು ಒಂದು ದಾರಿ 1842ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದ ರಾಬರ್ಟ್ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿ ಸಿಕ್ಕಿತು. ಅದನ್ನು ಯೋಚಿಸಿದವರು ಅಲ್ಲಿ ಕೆಲಸಕ್ಕಿದ್ದ ವಿಲಿಯಮ್ಸ್ ಮತ್ತು ಹೋವ್ ಎಂಬಿಬ್ಬರು. ಆದರೆ ಇಂದಿಗೂ ಅದರ ಹೆಸರು ಸ್ಟೀಫನ್‌ಸನ್ ಗೇರ್. ಕೆಲಸಗಾರನ ಯೋಚನೆ, ಯಜಮಾನನ ಹೆಸರು! ಆ ಗೇರ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ತೊಂದರೆ ಬೇರೆ ಕಡೆ ಇತ್ತು. ಒಂದು ಸಿಲಿಂಡರಿಗೆ ಎರಡರಂತೆ, ಎರಡು ಸಿಲಿಂಡರಿಗೆ ನಾಲ್ಕು ಎಕ್ಸೆಂಟ್ರಿಕ್ ಎಂಬ ಭಾರವಾದ ಬಿಲ್ಲೆಗಳನ್ನು ಅಚ್ಚಿನ ಮೇಲೆ ಕೂರಿಸಬೇಕು. ಸಾಮಾನ್ಯವಾಗಿ ಅವೆಲ್ಲ ಬಾಯ್ಲರಿನ ಕೆಳಗೆ, ಗಾಲಿಗಳ ಒಳಗಡೆ. ರಿಪೇರಿಯವನು ಹಳಿಗಳ ನಡುವಿನ ಗುಂಡಿಗಿಳಿದು, ಮೇಲಿನಿಂದ ತೊಟ್ಟಿಕ್ಕುವ ಬಿಸಿನೀರು ಎಣ್ಣೆಯ ಕೆಳಗೆ ಕತ್ತೆತ್ತಿ ಕೆಲಸ ಮಾಡಬೇಕು. ಆ ಗುಂಡಿಯಲ್ಲಿ ನಿಂತವರಿಗೇ ಗೊತ್ತು ಅದರ ಸುಖ.

ವಾಲ್‌ಶಾರ್ಟ್ಸ್ ಅವರ ಯೋಚನೆ ಬೇರೆಯೇ ದಾರಿ ಹಿಡಿಯಿತು. ವಾಲ್ವಿಗೆ ಬೇಕಾದ ಚಲನೆಯನ್ನು ಅವರು ಎರಡು ಕಡೆಯಿಂದ ತಂದು ಒಂದೇ ಸರಳಿನಲ್ಲಿ ಕೂಡಿಸಿದರು. ಒಂದು ಚಲನೆ ಗಾಲಿಯ ತಿರುಗಾಟದಿಂದ. ಅದು ನಡುವೆ ಕೀಲಿಟ್ಟ, ಬಿಲ್ಲಿನಂತೆ ಬಾಗಿದ ಒಂದು ಲಿಂಕನ್ನು ತೂಗಿಸುತ್ತದೆ. ಆ ಲಿಂಕಿನ ಸೀಳಿನಲ್ಲಿ ಒಂದು ಸಣ್ಣ ದಿಮ್ಮಿ. ಡ್ರೈವರ್ ತನ್ನ ಜಾಗದಿಂದಲೇ ದಿಮ್ಮಿಯನ್ನು ಕೆಳಗಿಳಿಸಿದರೆ ಎಂಜಿನ್ ಒಂದು ದಿಕ್ಕಿಗೆ, ಮೇಲೆತ್ತಿದರೆ ಇನ್ನೊಂದು ದಿಕ್ಕಿಗೆ. ನಡುವಿಗೆ ತಂದಷ್ಟೂ ಉಗಿಯ ಬಾಗಿಲು ಬೇಗ ಮುಚ್ಚುತ್ತದೆ. ಎರಡನೆಯ ಚಲನೆ ಪಿಸ್ಟನ್ನಿನಿಂದಲೇ. ಪಿಸ್ಟನ್ನಿನ ಸರಳು ಬಂದು ಸೇರುವ ಕ್ರಾಸ್‌ಹೆಡ್ಡಿನಿಂದ ಒಂದು ಕಿರುಸರಳು ಹೊರಟು ನೇತಾಡುವ ಉದ್ದನೆಯ ಸನ್ನೆಯ ಕೆಳತುದಿಯನ್ನು ಅಲ್ಲಾಡಿಸುತ್ತದೆ. ಸನ್ನೆಯ ಮೇಲ್ತುದಿಯ ಬಳಿ ಎರಡೂ ಚಲನೆಗಳು ಕೂಡಿ ವಾಲ್ವಿಗೆ ಹೋಗುತ್ತವೆ.

ಇದರಿಂದ ಏನು ಲಾಭ? ಪಿಸ್ಟನ್ ತುದಿ ಮುಟ್ಟುವ ಕೂದಲೆಳೆ ಮೊದಲೇ ಹೊಸ ಉಗಿಯ ಬಾಗಿಲು ಸ್ವಲ್ಪ ತೆರೆದಿರಬೇಕು. ಇದಕ್ಕೆ ಲೀಡ್ ಎನ್ನುತ್ತಾರೆ. ಸ್ಟೀಫನ್‌ಸನ್ ಗೇರಿನಲ್ಲಿ ಡ್ರೈವರ್ ಹಿಡಿಕೆ ಸರಿಸಿದಂತೆಲ್ಲ ಈ ಲೀಡ್ ಕೂಡ ಬದಲಾಗುತ್ತಿತ್ತು. ವಾಲ್‌ಶಾರ್ಟ್ಸ್ ಗೇರಿನಲ್ಲಿ ಆ ಪಾಲನ್ನು ಪಿಸ್ಟನ್ನೇ ನೋಡಿಕೊಳ್ಳುವುದರಿಂದ ಲೀಡ್ ಯಾವಾಗಲೂ ಒಂದೇ. ಒಂದು ಸಿಲಿಂಡರಿಗೆ ಎರಡು ಎಕ್ಸೆಂಟ್ರಿಕ್ ಬದಲು ಒಂದೇ ಸಾಕು. ಮುಂದೆ ಅದರ ಜಾಗಕ್ಕೂ ಗಾಲಿಯ ಹೊರಗೆ ಒಂದು ಪುಟ್ಟ ತೋಳು ಬಂದು, ಇಡೀ ಗೇರ್ ಬಯಲಿಗೆ ಬಂತು. ನಿಂತಲ್ಲೇ ಎಣ್ಣೆ ಬಿಡಬಹುದು, ಸವೆದದ್ದು ಕಣ್ಣಿಗೆ ಕಾಣುತ್ತದೆ, ಗುಂಡಿಗಿಳಿಯಬೇಕಾಗಿಲ್ಲ. ನಾವು ಹುಡುಗರು ಬೇಲಿಯಾಚೆ ನಿಂತು ಎಂಜಿನ್ನಿನ ಕೈಕಾಲು ನೋಡಿ ಕುಣಿಯಲು ಸಾಧ್ಯವಾದದ್ದೂ ಅದರಿಂದಲೇ.

ಫೋರ್‌ಮನ್ ಆದ ಅದೇ 1844ರಲ್ಲಿ ಅವರು ಇದನ್ನು ರೂಪಿಸಿದರು. ಪೇಟೆಂಟಿನ ಮಾತು ಬಂದಾಗ ಅವರ ಹುದ್ದೆ ಅಡ್ಡ ಬಂತು. ಬೆಲ್ಜಿಯಂ ರೈಲ್ವೆಯ ನಿಯಮದ ಪ್ರಕಾರ ಒಬ್ಬ ಫೋರ್‌ಮನ್ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದು ಅದರ ಲಾಭ ತೆಗೆದುಕೊಳ್ಳುವಂತಿರಲಿಲ್ಲ. ಆದ್ದರಿಂದ 1844ರ ಅಕ್ಟೋಬರ್ 5ರಂದು ಅರ್ಜಿ ಹೋದದ್ದು ಫಿಶರ್ ಎಂಬ ರೈಲ್ವೆ ಇಂಜಿನಿಯರ ಹೆಸರಿನಲ್ಲಿ. ಪೇಟೆಂಟ್ ಮಂಜೂರಾಯಿತು. ಇಲ್ಲಿ ಫಿಶರ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಗದ ತಮ್ಮ ಹೆಸರಿನಲ್ಲಿದ್ದರೂ ಇದು ತಮ್ಮ ಆವಿಷ್ಕಾರವೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ನ್ಯೂಕಾಸಲ್‌ನ ಆ ಇಬ್ಬರಿಗೆ ಸಿಗದ ನ್ಯಾಯ ವಾಲ್‌ಶಾರ್ಟ್ಸ್ ಅವರಿಗೆ ಹೀಗೆ ಸಿಕ್ಕಿತೆಂದು ನಾನು ಭಾವಿಸುತ್ತೇನೆ. ನಿಯಮವನ್ನು ಮಾತ್ರ ನನ್ನಿಂದ ಕ್ಷಮಿಸಲಾಗದು.

ಯೋಚನೆ ಗಾಲಿಯ ಮೇಲೆ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. 1848ರ ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್ ಕಾರ್ಖಾನೆಯ 98ನೇ ನಂಬರಿನ ಎಂಜಿನ್ ಈ ಗೇರನ್ನು ಹೊತ್ತು ಓಡಾಡಿತು. ಅದಾದ ಮೇಲೂ ಜಗತ್ತೇನೂ ಓಡಿಬಂದು ಕೊಳ್ಳಲಿಲ್ಲ. ಜರ್ಮನಿಯಲ್ಲಿ ಹೈಸಿಂಗರ್ ಎಂಬ ಇಂಜಿನಿಯರ್ 1849ರಲ್ಲಿ ಸ್ವತಂತ್ರವಾಗಿ ಇಂಥದ್ದೇ ಗೇರ್ ರೂಪಿಸಿದರು. ಬೆಲ್ಜಿಯಂನ ಫೋರ್‌ಮನ್ ತಮಗಿಂತ ಮೊದಲು ಮಾಡಿದ್ದಾರೆ ಎಂದು ತಿಳಿದ ಮೇಲೆ ಅದನ್ನು ಒಪ್ಪಿಕೊಂಡರು. ಆದರೂ ಜರ್ಮನಿಯವರು ಅದನ್ನು ಇಂದಿಗೂ ಹೈಸಿಂಗರ್ ಗೇರ್ ಎಂದೇ ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಇದು ಮೊದಲು ಕಾಣಿಸಿದ್ದು 1878ರಲ್ಲಿ. ಅದೂ ಒಂದು ಸಣ್ಣ ರೈಲ್ವೆಯ ಎಂಜಿನ್ನಿನಲ್ಲಿ. ಹೆಸರಿಗೂ ಒಂದು ಕುಂದು ಅಂಟಿಕೊಂಡಿತು. ಪೇಟೆಂಟ್ ಕಾಗದದಲ್ಲಿ ಕೊನೆಯ ‘ಸ್’ ಬಿಟ್ಟುಹೋದದ್ದರಿಂದ ಅನೇಕ ಪುಸ್ತಕಗಳಲ್ಲಿ ಅವರು ವಾಲ್‌ಶಾರ್ಟ್ ಆಗಿಯೇ ಉಳಿದರು. ನಮ್ಮ ಫಿಟ್ಟರುಗಳ ವಾಲ್ಶಾಟ್ ಅಷ್ಟೇನೂ ತಪ್ಪಲ್ಲ ಅನ್ನಿ.

ಅದೇ 1820ರಲ್ಲಿ, ಅದೇ ದೇಶದಲ್ಲಿ ಹುಟ್ಟಿದ ಇನ್ನೊಬ್ಬರು ಆಲ್‌ಫ್ರೆಡ್ ಬೆಲ್ಪೇರ್. ಪ್ಯಾರಿಸ್ಸಿನ ದೊಡ್ಡ ತಾಂತ್ರಿಕ ಶಾಲೆಯಲ್ಲಿ ಓದಿ ಇಂಜಿನಿಯರಾಗಿ ಬಂದು, ಅದೇ ಮೆಖೆಲೆನ್ ಕಾರ್ಖಾನೆಯಲ್ಲಿ ಕೆಲಸ ಶುರುಮಾಡಿ, ರೈಲ್ವೆ ಆಡಳಿತದ ಎತ್ತರದ ಹುದ್ದೆಗಳಿಗೆ ಏರಿದರು. ಎಂಜಿನ್ನಿನ ಬೆಂಕಿಗೂಡಿಗೆ ಅವರು ಕೊಟ್ಟ ಹೊಸ ಆಕಾರ ಅವರ ಹೆಸರಿನಲ್ಲೇ ಪ್ರಸಿದ್ಧವಾಯಿತು, ಭಾರತದ ಹಲವು ಹಳೆಯ ಎಂಜಿನ್ನುಗಳಲ್ಲೂ ಅದಿತ್ತು. ಬೆಲ್ಪೇರ್ ಅವರ ಯೋಗ್ಯತೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಒಂದೇ ವಯಸ್ಸಿನ, ಒಂದೇ ರೈಲ್ವೆಯ ಆ ಇಬ್ಬರಲ್ಲಿ ಒಬ್ಬರು ಆಡಳಿತದ ತುದಿಗೆ ಹೋದರು, ಮತ್ತೊಬ್ಬರು ಫೋರ್‌ಮನ್ ಆಗಿಯೇ ನಿಂತರು. ಫೋರ್‌ಮನ್ ಹುದ್ದೆಯಿಂದ ಮೇಲಕ್ಕೆ ವಾಲ್‌ಶಾರ್ಟ್ಸ್ ಅವರಿಗೆ ಬಡ್ತಿ ಸಿಗಲೇ ಇಲ್ಲ.

ಕೈ ಮಾತ್ರ ಸುಮ್ಮನಿರಲಿಲ್ಲ. ಕಾರ್ಖಾನೆಗಳಲ್ಲಿ ಒಂದೇ ಕಡೆ ನಿಂತು ಓಡುವ ಉಗಿ ಎಂಜಿನ್ನುಗಳಲ್ಲಿ ಅಮೆರಿಕದ ಕಾರ್ಲಿಸ್ ಎಂಬವರ ವಾಲ್ವ್ ಪದ್ಧತಿ ಆಗ ಹೆಸರಾಗಿತ್ತು. ಅದನ್ನು ತಮ್ಮದೇ ರೀತಿಯಲ್ಲಿ ತಿದ್ದಿ ಅವರು ಕಟ್ಟಿದ ಎಂಜಿನ್ನಿಗೆ 1878ರ ಪ್ಯಾರಿಸ್ ಜಾಗತಿಕ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಮೆಖೆಲೆನ್‌ನ ಪ್ರದರ್ಶನದಲ್ಲಿ ಮಾದರಿಗಳನ್ನಿಟ್ಟ ಹುಡುಗನಿಗೆ ಆಗ 58 ವರ್ಷ. ಯಾವುದರಿಂದ ಅವರ ಹೆಸರು ಉಳಿಯಿತೋ ಆ ಗೇರಿಗಲ್ಲ, ಬೇರೊಂದಕ್ಕೆ ಪದಕ.

1901ರ ಫೆಬ್ರವರಿ 18ರಂದು ಬ್ರಸೆಲ್ಸಿಗೆ ಅಂಟಿಕೊಂಡ ಸೇಂಟ್ ಗಿಲ್ಲಿಸ್ ಎಂಬಲ್ಲಿ ಅವರು ತೀರಿಕೊಂಡರು. ಮೂರು ವರ್ಷದ ನಂತರ ಅಮೆರಿಕದಲ್ಲಿ ಬಾಲ್ಟಿಮೋರ್ ಮತ್ತು ಒಹಾಯೋ ರೈಲ್ವೆಗೆ ಒಂದು ದೈತ್ಯ ಎಂಜಿನ್ ಕಟ್ಟಿದರು. ಅದಕ್ಕೆ ಹಾಕಿದ್ದು ವಾಲ್‌ಶಾರ್ಟ್ಸ್ ಗೇರ್. ಎಂಜಿನ್ನುಗಳು ದೊಡ್ಡದಾದಂತೆ ಗಾಲಿಗಳ ಒಳಗೆ ಭಾರಿ ಎಕ್ಸೆಂಟ್ರಿಕ್‌ಗಳಿಗೆ ಜಾಗವೇ ಸಾಲದಾಗಿತ್ತು. ಆ ಫೋರ್‌ಮನ್ ಅರವತ್ತು ವರ್ಷ ಹಿಂದೆ ಹಾಕಿಕೊಟ್ಟ ದಾರಿ ಆಗ ಎಲ್ಲರಿಗೂ ಬೇಕಾಯಿತು. ಅಲ್ಲಿಂದ ಮುಂದೆ ಅಮೆರಿಕದಲ್ಲೂ ಅದು ಬೇಗ ಬೇಗ ಹಬ್ಬಿತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದಲ್ಲಿ ಓಡಿದ ದೊಡ್ಡ ಗೇಜಿನ ಡಬ್ಲ್ಯೂಪಿ, ಡಬ್ಲ್ಯೂಜಿ, ಮೀಟರ್ ಗೇಜಿನ ವೈಪಿ, ವೈಜಿ ಎಲ್ಲದರಲ್ಲೂ ಇದೇ ಗೇರ್. ಚಿತ್ತರಂಜನ್ ಕಾರ್ಖಾನೆಯೊಂದರಲ್ಲೇ 1950ರಿಂದ 1972ರವರೆಗೆ 2,351 ಉಗಿ ಎಂಜಿನ್ನುಗಳು ತಯಾರಾದವು. ನಮ್ಮೂರಿನ ಹಳಿಯ ಮೇಲೆ ಬರುತ್ತಿದ್ದುದೂ ವೈಪಿ, ವೈಜಿಗಳೇ.

ಮೊಮ್ಮಕ್ಕಳನ್ನು ಕರೆದುಕೊಂಡು ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋಗುವವರು ಎಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತೀರಿ. ಒಮ್ಮೆ ಪಕ್ಕಕ್ಕೂ ಹೋಗಿ. ದೊಡ್ಡ ಗಾಲಿಗಳ ಹೊರಗೆ, ಸೊಂಟದ ಎತ್ತರದಿಂದ ಸ್ವಲ್ಪ ಮೇಲೆ, ಬಿಲ್ಲಿನಂತೆ ಬಾಗಿದ, ನಡುವೆ ಸೀಳಿರುವ ಒಂದು ಕಬ್ಬಿಣದ ತುಂಡು ಕಂಡರೆ ಅದೇ ಆ ಲಿಂಕ್. ಸೀಳಿನೊಳಗಿನ ದಿಮ್ಮಿ ಎಲ್ಲಿ ನಿಂತಿದೆ ನೋಡಿ. ಸಾಮಾನ್ಯವಾಗಿ ಎಂಜಿನ್ ನಿಲ್ಲಿಸಿ ಇಳಿಯುವ ಡ್ರೈವರ್ ಅದನ್ನು ನಟ್ಟನಡುವೆ ತಂದಿಟ್ಟೇ ಇಳಿಯುತ್ತಿದ್ದ.