ಹೆಸರು ಮುಚ್ಚಿಟ್ಟು ಲೋಹ ಮಾರಿದ ವೊಲಾಸ್ಟನ್

ಪೀರಿಯಾಡಿಕ್ ಟೇಬಲ್‌ನ 46ನೇ ಮನೆಯಲ್ಲಿ ಪಲ್ಲಾಡಿಯಂ ಕೂತಿದೆ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೊಗೆಯ ವಿಷ ತಗ್ಗಿಸುವ ಲೋಹಗಳಲ್ಲಿ ಇದೂ ಒಂದು. ಇದನ್ನು ಕಂಡುಹಿಡಿದ ವಿಲಿಯಂ ಹೈಡ್ ವೊಲಾಸ್ಟನ್ ಹೆಸರು ಮಾತ್ರ ನಮ್ಮ ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೇಳಿಬರೋದು ಅಪರೂಪ. ಆದರೆ ಅವನು ಈ ಲೋಹವನ್ನು ಲೋಕಕ್ಕೆ ತೋರಿಸಿದ ಬಗೆ ಇದೆಯಲ್ಲ, ಅದನ್ನು ನಾವೆಲ್ಲ ತಿಳಿದುಕೊಳ್ಳಲೇಬೇಕು.

ವೊಲಾಸ್ಟನ್ ಹುಟ್ಟಿದ್ದು 1766ರ ಆಗಸ್ಟ್ 6ರಂದು, ಇಂಗ್ಲೆಂಡಿನ ಈಸ್ಟ್ ಡೆರೆಹ್ಯಾಮ್‌ನಲ್ಲಿ. ಮನೆ ತುಂಬ ಮಕ್ಕಳು. ತಂದೆ ಪಾದ್ರಿ, ಜೊತೆಗೆ ನಕ್ಷತ್ರ ನೋಡುವ ಹುಚ್ಚು. ಮಗ ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯ ಓದಿ 1793ರಲ್ಲಿ ಎಂ.ಡಿ. ಪಡೆದ. ಕೆಲವು ವರ್ಷ ಡಾಕ್ಟರಾಗಿ ದುಡಿದ. ಆದರೆ ರೋಗಿಗಳ ಚಿಂತೆ ಅವನನ್ನು ಹಿಂಡಿಹಾಕುತ್ತಿತ್ತು. 1800ರಲ್ಲಿ ವೃತ್ತಿಯನ್ನೇ ಬಿಟ್ಟುಬಿಟ್ಟ.

ಮುಂದೇನು? ಕೇಂಬ್ರಿಡ್ಜ್ ಗೆಳೆಯ ಸ್ಮಿತ್ಸನ್ ಟೆನೆಂಟ್ ಜೊತೆ ಪಾಲುದಾರಿಕೆ ಮಾಡಿಕೊಂಡ. ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಇಬ್ಬರೂ ಸೇರಿ ಸುಮಾರು 6,000 ಔನ್ಸ್ ಪ್ಲಾಟಿನಂ ಅದಿರನ್ನು 795 ಪೌಂಡ್ ಕೊಟ್ಟು ಖರೀದಿಸಿದರು. ಇವತ್ತಿನ ಕೊಲಂಬಿಯಾ ಕಡೆಯಿಂದ ಕಳ್ಳಸಾಗಣೆಯಲ್ಲಿ ಬಂದ ಮಾಲು ಅದು. ಪ್ಲಾಟಿನಂ ಕರಗೋದು 1,768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಕಾಲದ ಕುಲುಮೆಗಳಿಗೆ ಅದು ನಿಲುಕದ ಮಾತು. ವೊಲಾಸ್ಟನ್ ಕರಗಿಸುವ ಗೋಜಿಗೇ ಹೋಗಲಿಲ್ಲ. ಲೋಹವನ್ನು ನುಣ್ಣನೆ ಪುಡಿ ಮಾಡಿ, ಒದ್ದೆ ಇರುವಾಗಲೇ ಒತ್ತಿ, ಕಾಯಿಸಿ, ಬಡಿದು ಗಟ್ಟಿ ಮಾಡಿದ. ಮೆಕ್ಯಾನಿಕಲ್‌ನವರು ಇವತ್ತು ಪೌಡರ್ ಮೆಟಲರ್ಜಿ ಅಂತ ಓದ್ತಾರಲ್ಲ, ಅದರ ಹಿರಿಯ ಇದು. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಗುಟ್ಟಾಗಿ ಇಟ್ಟುಕೊಂಡ.

ಪುಡಿ ಮಾಡುವ ಮೊದಲು ಅದಿರನ್ನು ಶುದ್ಧ ಮಾಡಬೇಕಲ್ಲ? ಅದನ್ನು ಅಕ್ವಾ ರೀಜಿಯಾದಲ್ಲಿ ಕರಗಿಸಿ ನವಸಾಗರ ಹಾಕಿದರೆ ಪ್ಲಾಟಿನಂ ಕೆಳಗೆ ಕೂರುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ನವಸಾಗರ. ಮಿಕ್ಕ ದ್ರಾವಣವನ್ನು ಬೇರೆಯವರಾಗಿದ್ದರೆ ಚೆಲ್ಲುತ್ತಿದ್ದರು. ವೊಲಾಸ್ಟನ್ ಅದನ್ನೇ ಕೆದಕಿದ. 1802ರಲ್ಲಿ ಅದರಿಂದ ಹೊಸ ಲೋಹವೊಂದು ಹೊರಬಂತು. ಆಗಷ್ಟೇ ಪತ್ತೆಯಾಗಿದ್ದ ಪಲ್ಲಾಸ್ ಕ್ಷುದ್ರಗ್ರಹದ ಹೆಸರಿನಿಂದ ಅದಕ್ಕೆ ಪಲ್ಲಾಡಿಯಂ ಅಂತ ಹೆಸರಿಟ್ಟ.

ಆದರೆ ಸತ್ಯ ಹೇಳಿದರೆ ಪ್ಲಾಟಿನಂ ವ್ಯಾಪಾರದ ಗುಟ್ಟು ಹೊರಬೀಳುತ್ತೆ, ಸುಮ್ಮನಿದ್ದರೆ ಬೇರೆ ಯಾರೋ ಕಂಡುಹಿಡಿದುಬಿಡ್ತಾರೆ. ಅದಕ್ಕೆ ಅವನು ಹೂಡಿದ ಉಪಾಯ ನೋಡಿ: 1803ರ ಏಪ್ರಿಲ್‌ನಲ್ಲಿ ಲಂಡನ್ನಿನ ಸೋಹೋದ ಒಂದು ಅಂಗಡಿಯಲ್ಲಿ ಪಲ್ಲಾಡಿಯಂ ಮಾರಾಟಕ್ಕೆ ಬಂತು. ಜೊತೆಗೊಂದು ಕರಪತ್ರ. ನೈಟ್ರಿಕ್ ಆಮ್ಲದಲ್ಲಿ ಕಡುಕೆಂಪು ದ್ರಾವಣವಾಗುತ್ತೆ, ಗಂಧಕ ಸೇರಿಸಿದರೆ ಸುಲಭವಾಗಿ ಕರಗುತ್ತೆ ಅಂತ ಗುಣಗಳ ಪಟ್ಟಿ ಅದರಲ್ಲಿತ್ತು. ಕಂಡುಹಿಡಿದವರ ಹೆಸರು ಮಾತ್ರ ಇರಲಿಲ್ಲ.

ರಿಚರ್ಡ್ ಶೆನೆವಿಕ್ಸ್ ಎಂಬ ಐರಿಷ್ ರಸಾಯನಶಾಸ್ತ್ರಜ್ಞನಿಗೆ ಇದು ಮೋಸ ಅನ್ನಿಸಿತು. ಅಂಗಡಿಯಲ್ಲಿದ್ದಷ್ಟನ್ನೂ ಕೊಂಡು ಪರೀಕ್ಷಿಸಿ, ಇದು ಪ್ಲಾಟಿನಂ ಮತ್ತು ಪಾದರಸದ ಮಿಶ್ರಣ ಅಂತ ರಾಯಲ್ ಸೊಸೈಟಿಗೆ ವರದಿ ಕೊಟ್ಟ. ಅದೇ ವರ್ಷ ಅವನಿಗೆ ಕೋಪ್ಲಿ ಪದಕವೂ ಬಂತು. ಡಿಸೆಂಬರ್‌ನಲ್ಲಿ ಮತ್ತೊಂದು ಅನಾಮಧೇಯ ಪ್ರಕಟಣೆ ಹೊರಬಿತ್ತು: ಪಲ್ಲಾಡಿಯಂ ತಯಾರಿಸಿ ತೋರಿಸಿದವರಿಗೆ 20 ಪೌಂಡ್ ಬಹುಮಾನ. ಯಾರಿಗೂ ಆಗಲಿಲ್ಲ.

1804ರಲ್ಲಿ ವೊಲಾಸ್ಟನ್ ಅದೇ ಅದಿರಿನಿಂದ ರೋಡಿಯಂ ಕಂಡುಹಿಡಿದು, ಈ ಸಲ ಹೆಸರು ಹಾಕಿಯೇ ಪ್ರಕಟಿಸಿದ. ಟೆನೆಂಟ್ ಕರಗದೆ ಉಳಿದ ಕಪ್ಪು ಪುಡಿಯಿಂದ ಆಸ್ಮಿಯಂ, ಇರಿಡಿಯಂ ತೆಗೆದ. ಆ ವರ್ಷದ ಕೊನೆಗೆ ವೊಲಾಸ್ಟನ್ ರಾಯಲ್ ಸೊಸೈಟಿಯ ಕಾರ್ಯದರ್ಶಿಯೂ ಆದ. ಪಲ್ಲಾಡಿಯಂ ತನ್ನದೇ ಅಂತ ಒಪ್ಪಿಕೊಂಡಿದ್ದು ಮಾತ್ರ 1805ರ ಫೆಬ್ರವರಿಯಲ್ಲಿ. ಶೆನೆವಿಕ್ಸ್ ತಪ್ಪು ಮಾಡಿದ್ದ, ನಿಜ. ಆದರೆ ತನ್ನ ಹೆಸರು ಹಾಕಿ, ಪ್ರಯೋಗ ವಿವರಿಸಿ ತಪ್ಪು ಮಾಡಿದ್ದ. ಸರಿಯುತ್ತರ ಗೊತ್ತಿದ್ದವನು ಕತ್ತಲಲ್ಲಿ ಕೂತಿದ್ದ. ಇಬ್ಬರಲ್ಲಿ ನಮಗೆ ಹೆಚ್ಚು ಕಸಿವಿಸಿ ತರೋದು ಎರಡನೆಯವನೇ.

ಆದರೂ ಅವನ ಕೈಚಳಕಕ್ಕೆ ತಲೆಬಾಗಲೇಬೇಕು. 1809ರಲ್ಲಿ ಬ್ರೆಜಿಲ್‌ನಿಂದ ಬಂದ ಅದಿರಿನಲ್ಲಿ ಪ್ರಕೃತಿಯಲ್ಲೇ ಬಿಡಿಯಾಗಿ ಸಿಗುವ ಪಲ್ಲಾಡಿಯಂ ಕಾಳುಗಳನ್ನು ಗುರುತಿಸಿದ. ಅದೇ ವರ್ಷ, ಹರಳಿನ ಮುಖದ ಮೇಲೆ ಬಿದ್ದ ಬೆಳಕಿನ ಪ್ರತಿಫಲನದಿಂದ ಕೋನ ಅಳೆಯುವ ಗೋನಿಯೋಮೀಟರ್ ರೂಪಿಸಿದ. ನೋಡಲು ಒಂದೇ ಥರ ಇರುವ ಕ್ಯಾಲ್ಸೈಟ್‌ಗೆ 105 ಡಿಗ್ರಿ 5 ಮಿನಿಟ್, ಡಾಲಮೈಟ್‌ಗೆ 106 ಡಿಗ್ರಿ 15 ಮಿನಿಟ್ ಅಂತ ಅಳೆದು ಬೇರೆ ಮಾಡಿದ. ಖನಿಜಗಳ ವರ್ಗೀಕರಣಕ್ಕೆ ಇಷ್ಟು ಸಣ್ಣ ವ್ಯತ್ಯಾಸವೂ ಸಾಕ್ಷಿಯಾಯಿತು. ವೊಲಾಸ್ಟೊನೈಟ್ ಎಂಬ ಖನಿಜಕ್ಕೆ ಅವನ ಹೆಸರೇ ಇದೆ.

1828ರಲ್ಲಿ ಕಾಯಿಲೆ ಬಿದ್ದು ಸಾವು ಹತ್ತಿರವಾದಾಗ, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿದ್ದ ಪ್ಲಾಟಿನಂ ಗುಟ್ಟನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ. ಡಿಸೆಂಬರ್ 22ರಂದು ತೀರಿಕೊಂಡ. ಭೂವಿಜ್ಞಾನ ಸೊಸೈಟಿಗೆ ಅವನು ಕೊಟ್ಟ ದತ್ತಿಯಿಂದ ಶುರುವಾದ ವೊಲಾಸ್ಟನ್ ಪದಕವನ್ನು ಇವತ್ತು ಪಲ್ಲಾಡಿಯಂನಲ್ಲೇ ಮಾಡ್ತಾರೆ.

ಸರಿಯಾಗಿ ನೂರು ವರ್ಷದ ಮೇಲೆ, 1928ರಲ್ಲಿ, ಗಯಾನಾದ ಪೊಟಾರೊ ನದಿಯ ಕಡೆ ಸಿಕ್ಕಿದ ಬೆಳ್ಳಿಬಣ್ಣದ ಅಪರೂಪದ ಖನಿಜವೊಂದನ್ನು ಪೊಟರೈಟ್ ಅಂತ ವಿವರಿಸಲಾಯಿತು. ಅದರಲ್ಲಿರೋದು ಒಂದಕ್ಕೊಂದು ಸಮನಾಗಿ ಪಲ್ಲಾಡಿಯಂ ಮತ್ತು ಪಾದರಸ! ಪಲ್ಲಾಡಿಯಂನೊಳಗೆ ಪಾದರಸ ಇದೆ ಅಂದಿದ್ದ ಶೆನೆವಿಕ್ಸ್ ನೋಡಿದ್ದರೆ ನಕ್ಕಿರುತ್ತಿದ್ದನೇನೋ.

ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ವಿಧಾನ ಮುಚ್ಚಿಟ್ಟು ಫಲಿತಾಂಶ ಮಾತ್ರ ತೋರಿಸುವ ಆಸೆ ನಮಗೂ ಬರುತ್ತೆ. ವೊಲಾಸ್ಟನ್ ಲೆಕ್ಕ ಸರಿಯಿತ್ತು, ಲೋಹವೂ ಅಸಲಿಯಾಗಿತ್ತು. ಆದರೂ ವಿಧಾನ ಹೇಳದ ಕಾರಣಕ್ಕೆ ಎರಡು ವರ್ಷ ಅಸಲಿ ಲೋಹ ನಕಲಿ ಅನ್ನಿಸಿಕೊಂಡಿತು.