ಸೆಲ್ಫ್ ಸ್ಟಾರ್ಟ್ ಕೊಟ್ಟ ಕೆಟ್ಟರಿಂಗ್



ಸ್ಕೂಟರ್ ಏರಿದವರು ಒಂದು ಗುಂಡಿ ಒತ್ತುತ್ತಾರೆ. ಎಂಜಿನ್ ಚಾಲೂ ಆಗುತ್ತದೆ. ಕಾರಿನಲ್ಲಾದರೆ ಕೀಲಿ ತಿರುಗಿಸಿದರೆ ಸಾಕು. ಇದನ್ನು ನಾವೆಲ್ಲ ‘ಸೆಲ್ಫ್’ ಎಂದು ಕರೆಯುತ್ತೇವೆ. ಬ್ಯಾಟರಿ ಇಳಿದುಹೋದಾಗ ಸೆಲ್ಫ್ ತಗೊಳ್ತಿಲ್ಲ ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಆಗ ನಾಲ್ಕು ಜನ ಸೇರಿ ಗಾಡಿಯನ್ನು ತಳ್ಳಬೇಕಾಗುತ್ತದೆ!

ಈ ಸೆಲ್ಫ್ ಹೇಗೆ ಬಂತು? ಇದನ್ನು ಕಾರಿಗೆ ಅಳವಡಿಸುವಲ್ಲಿ ಯಶಸ್ವಿಯಾದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟ್ಟರಿಂಗ್. ಇಂದಿನ ಹೈಬ್ರಿಡ್ ಕಾರಿನೊಳಗೂ ಅವರು ಬಳಸಿದ ಒಂದು ತತ್ವ ಕೆಲಸ ಮಾಡುತ್ತಿದೆ. ಬನ್ನಿ, ಅವರ ಬದುಕನ್ನೂ ಆ ತತ್ವವನ್ನೂ ತಿಳಿಯೋಣ.

ಕೈಮುರಿಯುವ ಹ್ಯಾಂಡಲ್

ಪೆಟ್ರೋಲ್ ಎಂಜಿನ್‌ಗೆ ಒಂದು ದೌರ್ಬಲ್ಯವಿದೆ. ಅದು ತಾನಾಗಿಯೇ ಹೊರಡಲಾರದು. ಎಂಜಿನ್ ಮೊದಲು ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒಳಗೆ ಎಳೆದುಕೊಳ್ಳಬೇಕು, ಪಿಸ್ಟನ್ ಅದನ್ನು ಒತ್ತಬೇಕು, ಆಮೇಲೆ ಕಿಡಿ ಹಾರಬೇಕು. ಈ ಮೊದಲ ಕೆಲವು ಸುತ್ತುಗಳನ್ನು ಹೊರಗಿನಿಂದ ಯಾರಾದರೂ ತಿರುಗಿಸಿಕೊಡಬೇಕು. ಹೊಲದಲ್ಲಿ ಡೀಸೆಲ್ ಪಂಪಿನ ಎಂಜಿನ್‌ಗೆ ಹ್ಯಾಂಡಲ್ ಹಾಕಿ ತಿರುಗಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೂರು ವರ್ಷಗಳ ಹಿಂದೆ ಕಾರುಗಳನ್ನೂ ಹೀಗೆಯೇ ಹ್ಯಾಂಡಲ್ ಹೊಡೆದು ಹೊರಡಿಸುತ್ತಿದ್ದರು.

ಇದು ಶ್ರಮದ ಕೆಲಸ ಮಾತ್ರವಲ್ಲ, ಅಪಾಯದ ಕೆಲಸವೂ ಆಗಿತ್ತು. ಪಿಸ್ಟನ್ ಮೇಲಕ್ಕೆ ತಲುಪುವ ಮೊದಲೇ ಕಿಡಿ ಹಾರಿತೆನ್ನಿ. ಆಗ ಎಂಜಿನ್ ಹಿಮ್ಮುಖವಾಗಿ ತಿರುಗಿ, ಹ್ಯಾಂಡಲ್ ರಪ್ಪನೆ ವಾಪಸ್ಸು ಹೊಡೆಯುತ್ತಿತ್ತು. ಹೀಗೆ ಮಣಿಕಟ್ಟು ಮುರಿದುಕೊಂಡವರು, ದವಡೆ ಒಡೆದುಕೊಂಡವರು ಅನೇಕರು. ತೋಳಿನಲ್ಲಿ ಹೆಚ್ಚು ಬಲವಿಲ್ಲದವರು ಒಂಟಿಯಾಗಿ ಕಾರು ಓಡಿಸುವುದೇ ಕಷ್ಟವಾಗಿತ್ತು.

ಹಳ್ಳಿ ಶಾಲೆಯ ಮೇಷ್ಟ್ರು

ಚಾರ್ಲ್ಸ್ ಕೆಟ್ಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಓಹಿಯೊ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಬಳಿ. ಮನೆಯವರು ರೈತರು. ಬಾಲಕ ಚಾರ್ಲ್ಸ್‌ನ ಕಣ್ಣಿನ ದೃಷ್ಟಿ ದುರ್ಬಲವಾಗಿತ್ತು. ಹೆಚ್ಚು ಹೊತ್ತು ಓದಿದರೆ ತಲೆನೋವು ಬರುತ್ತಿತ್ತು. ಆದರೂ ಓದು ಬಿಡಲಿಲ್ಲ.

ಪ್ರೌಢಶಾಲೆ ಮುಗಿಸಿದ ಮೇಲೆ ಅವರು ಹಳ್ಳಿಯ ಶಾಲೆಯೊಂದರಲ್ಲಿ ಮೇಷ್ಟ್ರಾದರು. ವಿದ್ಯುತ್ತು, ಕಾಂತತ್ವ, ಗುರುತ್ವ ಮುಂತಾದವನ್ನು ಪ್ರಯೋಗ ಮಾಡಿ ತೋರಿಸುವುದು ಅವರಿಗೆ ಬಲು ಇಷ್ಟ. ಅನಂತರ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು. ಕಣ್ಣಿನ ತೊಂದರೆ ಮತ್ತೆ ಕಾಡಿತು. ಓದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಆಗ ಅವರು ಮನೆಯಲ್ಲಿ ಸುಮ್ಮನೆ ಕುಳಿತರೇ? ಇಲ್ಲ. ಟೆಲಿಫೋನ್ ಕಂಬ ನೆಟ್ಟು ತಂತಿ ಎಳೆಯುವ ತಂಡಕ್ಕೆ ಕೆಲಸಕ್ಕೆ ಸೇರಿದರು. ಗುಂಡಿ ತೋಡಿದರು, ಕಂಬ ಹತ್ತಿದರು, ಕೆಟ್ಟ ಟೆಲಿಫೋನುಗಳನ್ನು ಬಿಚ್ಚಿ ಸರಿಮಾಡಿದರು. ಬಯಲಿನ ಕೆಲಸದಿಂದ ಕಣ್ಣಿಗೂ ವಿಶ್ರಾಂತಿ ಸಿಕ್ಕಿತು. ಮತ್ತೆ ಕಾಲೇಜಿಗೆ ಹೋದರು. ಓದಿನಲ್ಲಿ ಗೆಳೆಯರು ನೆರವಾದರು. ಹೀಗೆ 1904ರಲ್ಲಿ ಪದವಿ ಪಡೆದಾಗ ಅವರಿಗೆ 27 ವರ್ಷ.

ಗಲ್ಲಾಪೆಟ್ಟಿಗೆ ಕಲಿಸಿದ ಪಾಠ

ಅದೇ ವರ್ಷ ಡೇಟನ್ ನಗರದಲ್ಲಿ ಅಂಗಡಿಗಳ ಗಲ್ಲಾಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಟ್ಟರಿಂಗ್ ಅವರಿಗೆ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಗಲ್ಲಾಯಂತ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ವಿದ್ಯುತ್ ಮೋಟಾರು ಜೋಡಿಸುವ ಕೆಲಸವನ್ನು ಇವರಿಗೆ ವಹಿಸಲಾಯಿತು.

ಇಲ್ಲಿ ಅವರು ಒಂದು ಮುಖ್ಯ ಸಂಗತಿಯನ್ನು ಗಮನಿಸಿದರು. ಗಲ್ಲಾಯಂತ್ರಕ್ಕೆ ಜೋರಾದ ಬಲ ಬೇಕು, ನಿಜ. ಆದರೆ ಎಷ್ಟು ಹೊತ್ತು? ಕ್ಷಣಕಾಲ ಮಾತ್ರ! ದಿನವಿಡೀ ಓಡುವ ದೊಡ್ಡ ಮೋಟಾರು ಇದಕ್ಕೇಕೆ? ಚಿಕ್ಕ ಮೋಟಾರಿಗೇ ಕ್ಷಣಕಾಲ ಹೆಚ್ಚು ವಿದ್ಯುತ್ತು ಕೊಟ್ಟರೆ ಅದು ತನ್ನ ಶಕ್ತಿಗೆ ಮೀರಿ ದುಡಿಯುತ್ತದೆ. ಬಿಸಿಯಾಗಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ.

ನಿಮ್ಮ ಮನೆಯ ಮಿಕ್ಸಿಯನ್ನು ನೆನಪಿಸಿಕೊಳ್ಳಿ. ಚಟ್ನಿ ರುಬ್ಬಲು ಸ್ವಲ್ಪ ಹೊತ್ತು ಓಡಿಸಿದರೆ ತೊಂದರೆಯಿಲ್ಲ. ನಿಲ್ಲಿಸದೆ ಓಡಿಸುತ್ತಲೇ ಇದ್ದರೆ ಬಿಸಿಯಾಗಿ ವಾಸನೆ ಬರುತ್ತದೆ, ಅಲ್ಲವೇ? ತಂತಿಯಲ್ಲಿ ಹುಟ್ಟುವ ಶಾಖ ಎರಡು ಸಂಗತಿಗಳನ್ನು ಅವಲಂಬಿಸಿದೆ. ವಿದ್ಯುತ್ತು ಎಷ್ಟು ಹರಿಯಿತು ಎಂಬುದು ಒಂದು. ಎಷ್ಟು ಹೊತ್ತು ಹರಿಯಿತು ಎಂಬುದು ಇನ್ನೊಂದು.

ಮನೆಯ ಹಿಂದಿನ ಕೊಟ್ಟಿಗೆ

ಕಂಪನಿಯಲ್ಲಿ ಎಡ್ವರ್ಡ್ ಡೀಡ್ಸ್ ಎಂಬ ಗೆಳೆಯರಿದ್ದರು. ಡೇಟನ್‌ನಲ್ಲಿದ್ದ ಅವರ ಮನೆಯ ಹಿಂದೆ ಒಂದು ಗಾಡಿ ಕೊಟ್ಟಿಗೆ. ಸಂಜೆ ಮತ್ತು ರಜಾದಿನಗಳಲ್ಲಿ ಕೆಟ್ಟರಿಂಗ್ ಮತ್ತು ಕೆಲವು ಸಂಗಡಿಗರು ಅಲ್ಲಿ ಸೇರಿ ಕಾರಿನ ವಿದ್ಯುತ್ ದೋಷಗಳ ಬಗ್ಗೆ ಪ್ರಯೋಗ ಮಾಡತೊಡಗಿದರು. ಕೊಟ್ಟಿಗೆಯೇ ಪ್ರಯೋಗಾಲಯವಾಯಿತು!

ಅಂದಿನ ಕಾರುಗಳಲ್ಲಿ ಕಿಡಿ ಹಾರಿಸುವ ವ್ಯವಸ್ಥೆ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತಿತ್ತು. ಬೇಕಾದಾಗ ಒಂದೇ ಬಲವಾದ ಕಿಡಿ ಕೊಡುವ ವ್ಯವಸ್ಥೆಯನ್ನು ಇವರು ರೂಪಿಸಿದರು. 1909ರಲ್ಲಿ ಕ್ಯಾಡಿಲಾಕ್ ಕಾರು ಕಂಪನಿ ಇಂತಹ 8 ಸಾವಿರ ಸಾಧನಗಳಿಗೆ ಬೇಡಿಕೆ ಸಲ್ಲಿಸಿತು. ಕೆಟ್ಟರಿಂಗ್ ನೌಕರಿ ಬಿಟ್ಟು, ಡೀಡ್ಸ್ ಜೊತೆ ಡೆಲ್ಕೊ ಎಂಬ ಸ್ವಂತ ಕಂಪನಿ ಆರಂಭಿಸಿದರು.

ಮುಂದೆ ಕ್ಯಾಡಿಲಾಕ್‌ನ ಮುಖ್ಯಸ್ಥ ಹೆನ್ರಿ ಲೇಲೆಂಡ್ ಅವರಿಗೆ ಹ್ಯಾಂಡಲ್ ಇಲ್ಲದ ಕಾರು ಬೇಕಾಯಿತು. ಎಂಜಿನ್ ತಿರುಗಿಸುವಷ್ಟು ಬಲದ ವಿದ್ಯುತ್ ಮೋಟಾರು ಕಾರಿನೊಳಗೆ ಹಿಡಿಸದಷ್ಟು ದೊಡ್ಡದಾಗುತ್ತದೆ ಎಂದು ತಜ್ಞರು ಭಾವಿಸಿದ್ದರು. ಆದರೆ ಕೆಟ್ಟರಿಂಗ್‌ಗೆ ಗಲ್ಲಾಯಂತ್ರದ ಪಾಠ ಗೊತ್ತಿತ್ತು. ಎಂಜಿನ್ ತಿರುಗಿಸಬೇಕಾದದ್ದೂ ಕೆಲವೇ ಕ್ಷಣ ತಾನೇ?

1911ರ ಫೆಬ್ರುವರಿಯಲ್ಲಿ ಕ್ಯಾಡಿಲಾಕ್ ಕಾರೊಂದಕ್ಕೆ ಹೊಸ ಸಾಧನವನ್ನು ಜೋಡಿಸಿ ಪರೀಕ್ಷಿಸಿದರು. ಎಂಜಿನ್ ಹೊರಟಿತು! 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಸೆಲ್ಫ್ ಸ್ಟಾರ್ಟ್ ಸಹಿತವಾಗಿಯೇ ಮಾರುಕಟ್ಟೆಗೆ ಬಂದವು. 1915ರಲ್ಲಿ ಈ ಸಾಧನಕ್ಕೆ ಪೇಟೆಂಟ್ ದೊರೆಯಿತು.

ಒಂದೇ ಯಂತ್ರ, ಎರಡು ಕೆಲಸ

ಆ ಸಾಧನದ ನಿಜವಾದ ಚೆಲುವು ಇರುವುದು ಇಲ್ಲಿ. ಮೋಟಾರಿಗೆ ವಿದ್ಯುತ್ತು ಕೊಟ್ಟರೆ ತಿರುಗುತ್ತದೆ. ಅದೇ ಮೋಟಾರನ್ನು ನಾವೇ ತಿರುಗಿಸಿದರೆ? ವಿದ್ಯುತ್ತು ಕೊಡುತ್ತದೆ! ಆಗ ಅದು ಡೈನಮೊ. ಇದನ್ನು ಬಳಸಿಕೊಂಡು ಕೆಟ್ಟರಿಂಗ್ ಒಂದೇ ಯಂತ್ರದಿಂದ ಎರಡೂ ಕೆಲಸ ಮಾಡಿಸಿದರು. ಮೊದಲು ಅದು ಬ್ಯಾಟರಿಯ ಬಲದಿಂದ ಎಂಜಿನ್ ತಿರುಗಿಸುತ್ತಿತ್ತು. ಎಂಜಿನ್ ಹೊರಟ ಮೇಲೆ ಎಂಜಿನ್ನೇ ಅದನ್ನು ತಿರುಗಿಸಿ ಬ್ಯಾಟರಿ ತುಂಬಿಸುತ್ತಿತ್ತು.

ಈ ಅದಲು ಬದಲು ಸುಲಭದ್ದಲ್ಲ. ಹೊರಡಿಸುವಾಗ 24 ವೋಲ್ಟ್ ಬೇಕಿತ್ತು. ದೀಪಕ್ಕೆ ಮತ್ತು ಬ್ಯಾಟರಿ ತುಂಬಿಸಲು 6 ವೋಲ್ಟ್ ಸಾಕಿತ್ತು. ಅದಕ್ಕಾಗಿ 6 ವೋಲ್ಟಿನ ನಾಲ್ಕು ಗುಂಪುಗಳನ್ನು ಮೊದಲು ಸರಣಿಯಲ್ಲಿ, ಆಮೇಲೆ ಸಮಾಂತರವಾಗಿ ಜೋಡಿಸುವ ಸ್ವಿಚ್ಚು ಇತ್ತು. ಲೆಕ್ಕ ಹಾಕಿ ನೋಡಿ: ಸರಣಿಯಲ್ಲಿ 6 × 4 = 24 ವೋಲ್ಟ್. ಸಮಾಂತರದಲ್ಲಿ 6 ವೋಲ್ಟ್ ಮಾತ್ರ.

ಹೊರಟ ಎಂಜಿನ್ ತನ್ನ ವೇಗದಿಂದ ಮೋಟಾರನ್ನು ಹಾಳುಮಾಡದಂತೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್ ಕೂಡ ಇತ್ತು. ಸೈಕಲ್ಲಿನ ಫ್ರೀವೀಲ್ ನಿಮಗೆ ಗೊತ್ತು. ಪೆಡಲ್ ತುಳಿದಾಗ ಅದು ಚಕ್ರವನ್ನು ಹಿಡಿಯುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಚಕ್ರವನ್ನು ಅದರ ಪಾಡಿಗೆ ಬಿಡುತ್ತದೆ. ಈ ಕ್ಲಚ್ಚೂ ಹಾಗೆಯೇ.

ಮಾಡಿ ನೋಡಿ

ಹಾಳಾದ ಆಟಿಕೆಯಿಂದ ಒಂದು ಚಿಕ್ಕ ಮೋಟಾರು ತೆಗೆದುಕೊಳ್ಳಿ. ಅದಕ್ಕೆ ಟಾರ್ಚ್ ಸೆಲ್ ಜೋಡಿಸಿ. ತಿರುಗುತ್ತದೆ. ಸೆಲ್ ತೆಗೆದು, ಅದರ ಎರಡು ತಂತಿಗಳನ್ನು ಶಾಲೆಯ ಗ್ಯಾಲ್ವನೋಮೀಟರಿಗೆ ಜೋಡಿಸಿ. ಈಗ ಮೋಟಾರಿನ ಕಡ್ಡಿಯನ್ನು ಬೆರಳಿನಿಂದ ರಭಸವಾಗಿ ತಿರುಗಿಸಿ. ಮುಳ್ಳು ಅಲುಗುವುದನ್ನು ಗಮನಿಸಿ. ಹಿಮ್ಮುಖವಾಗಿ ತಿರುಗಿಸಿದರೆ ಏನಾಗುತ್ತದೆ? ನೀವೇ ಕಂಡುಕೊಳ್ಳಿ. ಮನೆಯ ವಿದ್ಯುತ್ ಪ್ಲಗ್ಗಿಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ.

ಹೈಬ್ರಿಡ್ ಕಾರಿನಲ್ಲಿ ಅದೇ ತತ್ವ

ಒಂದು ಸ್ವಾರಸ್ಯ ಕೇಳಿ. 1900ರ ಸುಮಾರಿಗೆ ಅಮೆರಿಕದಲ್ಲಿ ಬ್ಯಾಟರಿ ಕಾರುಗಳೂ ಸಾಕಷ್ಟಿದ್ದವು. ಅವುಗಳಿಗೆ ಹ್ಯಾಂಡಲ್ ಹೊಡೆಯಬೇಕಿರಲಿಲ್ಲ. ಪೆಟ್ರೋಲ್ ಕಾರಿಗೂ ಸೆಲ್ಫ್ ಬಂದ ಮೇಲೆ ಬ್ಯಾಟರಿ ಕಾರಿನ ಆ ಅನುಕೂಲ ಹೆಚ್ಚುಗಾರಿಕೆಯಾಗಿ ಉಳಿಯಲಿಲ್ಲ. ಅವು ಹಿಂದೆ ಬಿದ್ದವು. ಅಂದರೆ, ಪೆಟ್ರೋಲ್ ಕಾರನ್ನು ಗೆಲ್ಲಿಸಿದ್ದರಲ್ಲಿ ವಿದ್ಯುತ್ ಮೋಟಾರಿನ ಪಾಲೂ ಇದೆ!

ಈಗ ಮೋಟಾರು ದೊಡ್ಡದಾಗಿ ಮರಳಿದೆ. ನಮ್ಮ ಬಿಡದಿಯಲ್ಲೂ ಹೈಬ್ರಿಡ್ ಕಾರುಗಳು ತಯಾರಾಗುತ್ತವೆ. ಅವುಗಳಲ್ಲಿ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುತ್ತವೆ. ಮೋಟಾರು ಚಕ್ರವನ್ನು ತಿರುಗಿಸುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟಾರು ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತದೆ.

ಹಲವು ಹೈಬ್ರಿಡ್ ಕಾರುಗಳಲ್ಲಿ ಗೇರ್ ಹಿಡಿಕೆಯೂ ಒಂದು ಸ್ವಿಚ್ಚು ಮಾತ್ರ. ಅದು ತಂತಿಯ ಮೂಲಕ ಕಂಪ್ಯೂಟರಿಗೆ ಸಂಕೇತ ಕಳಿಸುತ್ತದೆ. ಮನೆಯ ಮುಂದೆ ನಿಂತ ಇಂತಹ ಕಾರು ಕೆಲವೊಮ್ಮೆ ಗೇರ್‌ಗೇ ಬೀಳುವುದಿಲ್ಲ. ಗೇರ್ ಪೆಟ್ಟಿಗೆ ಮುರಿದಿದೆ ಎಂದು ಹೆದರಬೇಕೇ? ಕೆಟ್ಟರಿಂಗ್ ದಾರಿಯಲ್ಲಿ ಯೋಚಿಸೋಣ. ಆ ಕಂಪ್ಯೂಟರಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಇಳಿದಿದ್ದರೆ ಗೇರ್ ಬದಲಾಗದು. ಇನ್ನೊಂದು ಪರೀಕ್ಷೆ: ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ? ಹತ್ತದಿದ್ದರೆ ಬ್ರೇಕಿನ ಸ್ವಿಚ್ಚು ಅಥವಾ ಫ್ಯೂಸಿನ ಮೇಲೆ ಅನುಮಾನಪಡಬೇಕು. ಬ್ರೇಕ್ ತುಳಿದ ಸಂಕೇತ ಬಾರದೆ ಕಂಪ್ಯೂಟರ್ ಕಾರನ್ನು ಹೊರಡಲು ಬಿಡುವುದಿಲ್ಲ.

ಹೀಗೆ ನೋಡಿ ಪತ್ತೆ ಮಾಡುವುದಷ್ಟೇ ಮನೆಯವರ ಕೆಲಸ. ದೊಡ್ಡ ಬ್ಯಾಟರಿಯಲ್ಲಿ ಹಲವು ಕಾರುಗಳಲ್ಲಿ 200 ವೋಲ್ಟ್‌ಗೂ ಹೆಚ್ಚು ವಿದ್ಯುತ್ತು ಇರುತ್ತದೆ. ಅದರ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಕಿತ್ತಳೆ ತಂತಿ ಕಂಡರೆ ಮುಟ್ಟಬಾರದು. ಅದು ತರಬೇತಿ ಪಡೆದವರ ಕೆಲಸ.

ಇನ್ನೊಂದು ಮುಖ

ಕೆಟ್ಟರಿಂಗ್ 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾ ವಿಭಾಗವನ್ನು ನಡೆಸಿದರು. ವಿದ್ಯುತ್ ಕಂಬ ತಲುಪದ ರೈತರ ಮನೆಗಳಿಗೆ ಬೆಳಕು ಕೊಡುವ ಪುಟ್ಟ ಯಂತ್ರಗಳನ್ನೂ ಅವರ ಡೆಲ್ಕೊ ತಯಾರಿಸಿತ್ತು. ಒಟ್ಟು 186 ಪೇಟೆಂಟುಗಳು ಅವರ ಹೆಸರಿನಲ್ಲಿವೆ.

ಆದರೆ ಅವರ ಬದುಕಿನ ಎಲ್ಲ ಪುಟಗಳೂ ಬೆಳಕಿನವಲ್ಲ. ಅಂದಿನ ಎಂಜಿನ್‌ಗಳಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಟಕಟಕ ಸದ್ದು ಬರುತ್ತಿತ್ತು. 1921ರಲ್ಲಿ ಅವರ ಕೈಕೆಳಗಿನ ವಿಜ್ಞಾನಿ ಥಾಮಸ್ ಮಿಜ್ಲಿ, ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ಸದ್ದು ನಿಲ್ಲುತ್ತದೆ ಎಂದು ಕಂಡುಕೊಂಡರು. ಸೀಸ ವಿಷವೆಂಬುದು ಆಗಲೇ ತಿಳಿದಿತ್ತು. 1924ರಲ್ಲಿ ಅದನ್ನು ತಯಾರಿಸುವ ಕಡೆ ಕಾರ್ಮಿಕರು ವಿಷವೇರಿ ಸತ್ತರು. ವೈದ್ಯರು ಎಚ್ಚರಿಸಿದರು. ಆದರೂ ಕೆಟ್ಟರಿಂಗ್ ಅದರ ಪರವಾಗಿಯೇ ನಿಂತರು. ಹಲವು ದಶಕಗಳ ಕಾಲ ವಾಹನಗಳ ಹೊಗೆಯಲ್ಲಿ ಸೀಸ ಊರೂರಿನ ಗಾಳಿಗೆ ಸೇರಿತು. ಅದರಿಂದ ಹೆಚ್ಚು ತೊಂದರೆಗೊಳಗಾದವರು ಮಕ್ಕಳು. ಏಕೆಂದರೆ ಸೀಸ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಭಾರತದಲ್ಲಿ ಇಂತಹ ಪೆಟ್ರೋಲ್ ನಿಂತದ್ದು 2000ದಲ್ಲಿ. 2021ರಲ್ಲಿ ಅಲ್ಜೀರಿಯಾ ದೇಶವೂ ನಿಲ್ಲಿಸಿದ ಮೇಲೆ ಜಗತ್ತಿನ ಎಲ್ಲಿಯೂ ಕಾರುಗಳಿಗೆ ಅದು ಮಾರಾಟವಾಗುತ್ತಿಲ್ಲ.

ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ 1945ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದರ ಹೆಸರಿನಲ್ಲೂ ಕೆಟ್ಟರಿಂಗ್ ಇದ್ದಾರೆ. ಅವರು 1958ರ ನವೆಂಬರ್‌ನಲ್ಲಿ ಡೇಟನ್‌ನಲ್ಲಿ ತೀರಿಕೊಂಡರು.

ಹಾಗಾದರೆ ಅವರಿಂದ ನಾವು ಏನು ಕಲಿಯಬೇಕು? ಯಂತ್ರ ಕೆಟ್ಟಾಗ ಎಷ್ಟು ಬಲ ಬೇಕು, ಎಷ್ಟು ಹೊತ್ತು ಬೇಕು, ಒಂದೇ ಸಾಧನ ಎರಡು ಕೆಲಸ ಮಾಡೀತೇ ಎಂದು ಕೇಳುವುದನ್ನು ಕಲಿಯಬೇಕು. ಸೀಸದ ವಿಷಯದಲ್ಲಿ ಅವರು ಬದಿಗಿಟ್ಟ ಪ್ರಶ್ನೆಯನ್ನೂ ನಾವು ಕೇಳಬೇಕು: ಈ ಪರಿಹಾರದಿಂದ ಬೇರೆ ಯಾರಿಗಾದರೂ ತೊಂದರೆ ಆಗುತ್ತದೆಯೇ?

ಮನೆಯಲ್ಲಿ, ಹೊಲದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಇರುವ ಮೋಟಾರುಗಳನ್ನು ಪಟ್ಟಿ ಮಾಡಿ. ಯಾವುದು ಕ್ಷಣಕಾಲ ಓಡುತ್ತದೆ, ಯಾವುದು ಗಂಟೆಗಟ್ಟಲೆ ಓಡುತ್ತದೆ? ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಚರ್ಚಿಸಿ.